ಮಸ್ಕಿ ಗುಡ್ಡದಲ್ಲಿ ಅಡಗಲು ಒಂದು ಜಾಗ

ಮಕ್ಕಳಿಗಾಗಿ ಐತಿಹಾಸಿಕ ಕಾದಂಬರಿ ಬರೆಯುವ ನನಗೆ, ಪಾತ್ರಗಳು ಅಡಗುವ ಜಾಗದಲ್ಲಿ ಮೊದಲು ನಾನೇ ಅಡಗಿ ನೋಡುವ ಚಟ. ಮಸ್ಕಿ ಗುಡ್ಡದಲ್ಲೂ ಬಂಡೆಗಳ ಸಂದಿಯೊಂದಕ್ಕೆ ತೂರಿಕೊಂಡೆ. ಅಲ್ಲೇ ಆಡು ಮೇಯಿಸುತ್ತಿದ್ದ ಹೆಂಗಸು ದನಿ ತಗ್ಗಿಸಿ ಅಂದಳು:

“ಅಳ್ಳಾಡಬ್ಯಾಡ್ರಿ! ತಲಿ ಮ್ಯಾಲೇ ಹೆಜ್ಜೇನು ಕಟ್ಟ್ಯಾವ.”

ನನ್ನ ಕತ್ತಿನ ಮೇಲೆ ಒಂದು ಜೇನುನೊಣ ನಡೆದಾಡುತ್ತಿತ್ತು. ಅದು ಹಾರಿಹೋಗುವವರೆಗೆ ಉಸಿರು ಬಿಗಿಹಿಡಿದಿದ್ದು, ಆಮೇಲೆ ಮೆಲ್ಲಗೆ ತೆವಳಿ ಹೊರಬಂದೆ.

“ಅಲ್ಲೇನ್ ಮಾಡಾಕತ್ತಿದ್ರಿ?”

“ನನ್ನ ಕಥೆಯ ಹುಡುಗಿ ಸೈನಿಕರಿಂದ ತಪ್ಪಿಸಿಕೊಂಡು ಇಲ್ಲಿ ಅಡಗಬೇಕು.”

ಆಕೆಗೆ ಸಿಟ್ಟು ಬಂತು. “ಕತಿ ಆದ್ರೇನ್ರಿ, ಕೂಸನ್ನ ಹೆಜ್ಜೇನಿನ ಬುಡಕ ಕುಂದ್ರಸ್ತೀರೇನು? ಎಬ್ಬಿಸ್ರಿ ಮೊದ್ಲ!”

ಎಬ್ಬಿಸಿದೆ. ಈಗ ಲಿಂಗಸುಗೂರಿನ ಬಸ್ಸಿನಲ್ಲಿದ್ದೇನೆ. ಹುಡುಗಿಗೆ ಇನ್ನೂ ಬೇರೆ ಜಾಗ ಸಿಕ್ಕಿಲ್ಲ. ಸೈನಿಕರು ಗುಡ್ಡ ಹತ್ತುತ್ತಿದ್ದಾರೆ.