ಸರ್ಟಿಫಿಕೇಟ್ ಕೊಟ್ಟ ಮೇಲೆ ಶುರುವಾಗುವ ಪಾಠ

ಬೆಳಗಿನ ಜಾವ ಐದೂವರೆ. ಸರೋವರದ ಕಡೆಯಿಂದ ಬೀಸುವ ಫೆಬ್ರವರಿಯ ಗಾಳಿ ಮುಖಕ್ಕೆ ಚುಚ್ಚುತ್ತಿದೆ. ಅಮೆರಿಕದ ಕ್ಲೀವ್‌ಲ್ಯಾಂಡಿನ ಪೂರ್ವ ಭಾಗದ ಈ ಬೀದಿಯಲ್ಲಿ ಅರ್ಧಕ್ಕರ್ಧ ಅಂಗಡಿಗಳಿಗೆ ಹಲಗೆ ಹೊಡೆದು ಮುಚ್ಚಿ ವರ್ಷಗಳೇ ಆಗಿವೆ. ತೆರೆದಿರುವ ಕೆಲವೇ ಅಂಗಡಿಗಳಲ್ಲಿ ಒಂದರ ಹಿಂಬಾಗಿಲನ್ನು ಅರವತ್ತೆಂಟರ ವರ್ಲೀನ್ ಟಾಲಿವರ್ ತಟ್ಟುತ್ತಾರೆ. ಒಳಗೆ ಮೀನು ಹಸನು ಮಾಡುತ್ತಿದ್ದ ಲೂಷಿಯಸ್ ಮೇಬ್ರಿ ಕೈ ತೊಳೆದು ಬಂದು, ಸ್ಟೀಲ್ ಮೇಜಿನ ಮೇಲೆ ಅಂಗಡಿಯ ಹತ್ತೊಂಬತ್ತು ಪುಟದ ಹೊಸ ಬಾಡಿಗೆ ಕರಾರನ್ನು ಹರಡುತ್ತಾರೆ. ಸಾಲಿನ ಕೆಳಗೆ ಬೆರಳಿಟ್ಟು ಒಂದೊಂದೇ ಪದ ಓದುತ್ತಾರೆ.

"ಅವಸರ ಮಾಡ್ಬೇಡ. ಅಕ್ಷರ ಎಲ್ಲಿಗೂ ಓಡಿಹೋಗಲ್ಲ."

"ಇವು ಓಡ್ತಾವೆ ಮಿಸ್ ವರ್ಲೀನ್. ಮೀನಿಗಿಂತ ಜಾಸ್ತಿ ಜಾರ್ತಾವೆ."

ಹಳೆಯ ಚರ್ಚೊಂದರ ನೆಲಮಾಳಿಗೆಯಲ್ಲಿ, ಸ್ವಂತ ಅಂಗಡಿ ಇಡಬಯಸುವ ಬಡಾವಣೆಯ ಜನರಿಗಾಗಿ ಹನ್ನೆರಡು ವಾರಗಳ ತರಬೇತಿ ನಡೆಯುತ್ತದೆ. ಪರವಾನಗಿ, ಗಿರಾಕಿ, ಬೆಲೆ, ಶುಚಿತ್ವ, ಎಲ್ಲದಕ್ಕೂ ಒಂದೊಂದು ಪಾಠ. ಕೊನೆಯ ದಿನ ಸರ್ಟಿಫಿಕೇಟು, ಕೇಕು, ಗುಂಪು ಫೋಟೋ. ಅಲ್ಲಿಗೆ ಮೇಷ್ಟರುಗಳ ಕೆಲಸ ಮುಗಿಯುತ್ತದೆ, ವರ್ಲೀನರದು ಶುರುವಾಗುತ್ತದೆ. ಅಂಗಡಿ ತೆರೆದವರು ಹೇಗಿದ್ದಾರೆಂದು ನೋಡಿಕೊಂಡು ಬರುವುದು ಅವರ ಕೆಲಸ. ದಿನಕ್ಕೆ ನಾಲ್ಕು ಗಂಟೆಯ ಸಂಬಳ, ಕಾಲ್ನಡಿಗೆ ಮಾತ್ರ ಏಳು ಗಂಟೆ. ಒಟ್ಟು ಹದಿನಾಲ್ಕು ಅಂಗಡಿ: ಕ್ಷೌರದ್ದು, ಹೊಲಿಗೆಯದು, ಮಕ್ಕಳನ್ನು ನೋಡಿಕೊಳ್ಳುವ ಮನೆ, ಸಿಹಿಗೆಣಸಿನ ಪೈ ಮಾಡುವ ಅಕ್ಕತಂಗಿಯರದು, ಹೀಗೆ.

"ಕ್ಲಾಸಲ್ಲಿ ಎಲ್ರೂ ಜಾಣ್ರೇ," ಎನ್ನುತ್ತಾರೆ ವರ್ಲೀನ್. "ಫ್ರಿಜ್ಜು ಕೆಟ್ಟ ದಿನ, ಗಿರಾಕಿ ಬರದ ವಾರ, ಆಗ ಪಕ್ಕದಲ್ಲಿ ಯಾರಿರ್ತಾರೆ ಹೇಳಿ?"

ವರ್ಲೀನರ ಪಕ್ಕದಲ್ಲಿ ಅಂದು ಯಾರೂ ಇರಲಿಲ್ಲ. ಇದೇ ಬೀದಿಯಲ್ಲಿ ಹದಿಮೂರು ವರ್ಷ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ನಡೆಸಿದವರು ಅವರು. ಕರಾರು ನವೀಕರಿಸುವಾಗ ಕೆಲಸದ ಗಡಿಬಿಡಿಯಲ್ಲಿ ಓದದೆ ಸಹಿ ಹಾಕಿದರು. ಕಟ್ಟಡ ಮಾರಿದರೆ ಮೂವತ್ತು ದಿನದಲ್ಲಿ ಜಾಗ ಖಾಲಿ ಮಾಡಬೇಕೆಂಬ ಸಾಲು ಅದರಲ್ಲಿತ್ತು. ಕಟ್ಟಡ ಮಾರಾಟವಾಯಿತು. ಆ ಮೂವತ್ತು ದಿನವೂ ಅವರು ಜನರ ಬಟ್ಟೆಗಳನ್ನು ಮನೆಮನೆಗೆ ಹೊತ್ತು ತಲುಪಿಸಿದರು. "ಒಂದು ಕೋಟಿನ ಯಜಮಾನ ತೀರಿಹೋಗಿದ್ದ. ಅವನ ಹೆಂಡತಿ ಕೋಟನ್ನ ತಬ್ಕೊಂಡು ಬಾಗಿಲಲ್ಲೇ ಕೂತ್ಬಿಟ್ಲು. ನಾನೂ ಕೂತೆ. ಅವಳು ಗಂಡನಿಗಾಗಿ ಅತ್ಲು, ನಾನು ಅಂಗಡಿಗಾಗಿ ಅತ್ತೆ."

ಲೂಷಿಯಸ್ ಎರಕದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಅದು ಮುಚ್ಚಿದ ಮೇಲೆ, ಶುಕ್ರವಾರದ ಚರ್ಚ್ ಊಟಕ್ಕೆ ತಾವು ಕರಿಯುತ್ತಿದ್ದ ಮೀನನ್ನೇ ನಂಬಿ ತರಬೇತಿಗೆ ಸೇರಿದರು. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು, ಒಂದು ದಿನವೂ ತಪ್ಪಿಸಲಿಲ್ಲ. ಹಾಳೆ ಕೈಗೆ ಬಂದಾಗಲೆಲ್ಲ "ಕನ್ನಡಕ ಮರೆತು ಬಂದೆ" ಎನ್ನುತ್ತಿದ್ದರು. ಅಂಗಡಿ ತೆರೆದರು, ಜನ ಸಾಲುಗಟ್ಟಿದರು. ಆದರೆ ಅಡುಗೆಮನೆಯ ಶುಚಿತ್ವದ ಬಗ್ಗೆ ಒಂದು ಲಿಖಿತ ಪರೀಕ್ಷೆ ಇತ್ತು, ವರ್ಷದೊಳಗೆ ಅದನ್ನು ಪಾಸಾಗಲೇಬೇಕಿತ್ತು. ಲೂಷಿಯಸ್ ಎರಡು ಸಲ ನಪಾಸಾದರು. ಮೀನು ಮುಟ್ಟಿಯೇ ಅದರ ತಂಪು ಹೇಳಬಲ್ಲ ಮನುಷ್ಯ ಯಾಕೆ ನಪಾಸಾಗುತ್ತಾನೆಂದು ಯಾರಿಗೂ ತಿಳಿಯಲಿಲ್ಲ.

ವರ್ಲೀನರಿಗೆ ತಿಳಿದದ್ದು ಒಂದು ಶುಕ್ರವಾರ. ಆ ದಿನ ನೀರು ಬರುವುದಿಲ್ಲವೆಂಬ ನೋಟೀಸನ್ನು ಗುರುವಾರವೇ ಬೀದಿಯ ಎಲ್ಲ ಬಾಗಿಲಿಗೂ ಅಂಟಿಸಿದ್ದರು. ಎಲ್ಲರೂ ಬಕೆಟ್ಟು, ಪಾತ್ರೆ ತುಂಬಿಸಿಕೊಂಡಿದ್ದರು. ಲೂಷಿಯಸ್ ಮಾತ್ರ ಒಣಗಿದ ನಲ್ಲಿಯ ಮುಂದೆ ನಿಂತಿದ್ದರು. ಹೊರಗೆ ಗಿರಾಕಿಗಳು, ಬಾಗಿಲ ಮೇಲೆ ಅದೇ ನೋಟೀಸು. ವರ್ಲೀನ್ ಮೊದಲು ಗಿರಾಕಿಗಳನ್ನು ಕಳಿಸಿದರು. ಆಮೇಲೆ ಕುರ್ಚಿ ಎಳೆದು ಕೂತರು.

"ಲೂಷಿಯಸ್, ಎಷ್ಟು ವರ್ಷದಿಂದ ಹೀಗೆ?"

"ಯಾವುದು?"

"ಕನ್ನಡಕ ಮರೆಯೋದು."

ಆತ ನೆಲ ನೋಡುತ್ತ ಹೇಳಿದರು: "ಐವತ್ನಾಲ್ಕು ವರ್ಷದಿಂದ, ಮಿಸ್ ವರ್ಲೀನ್."

ಪ್ರಶ್ನೆಗಳನ್ನು ಓದಿ ಹೇಳುವವರನ್ನು ಜೊತೆಗೆ ಕೂರಿಸಿಕೊಂಡು ಪರೀಕ್ಷೆ ಬರೆಯಬಹುದೆಂದು ವರ್ಲೀನ್ ಹೇಳಿ ನೋಡಿದರು. ಆತ ಬೇಡವೆಂದು ತಲೆಯಾಡಿಸಿದರು. "ಹಾಗೆ ಪಾಸಾದ್ರೆ ನಾಳೆ ನೀರಿನ ನೋಟೀಸು ಯಾರು ಓದ್ತಾರೆ?" ಓದು ಕಲಿಸುವುದು ನಿಮ್ಮ ಕೆಲಸದ ಪಟ್ಟಿಯಲ್ಲಿಲ್ಲ ಎಂದಿತು ತರಬೇತಿ ಕೇಂದ್ರ. ಹಾಗಿದ್ದರೆ ಕೆಲಸದ ಹೊತ್ತಿಗೆ ಮುಂಚೆ ಕಲಿಸುತ್ತೇನೆ ಎಂದರು ವರ್ಲೀನ್. ಅಂದಿನಿಂದ ವಾರಕ್ಕೆ ಐದು ದಿನ, ಯಾರ ಕಣ್ಣಿಗೂ ಬೀಳದ ಈ ಹೊತ್ತಿನಲ್ಲಿ, ಹಿಟ್ಟಿನ ಚೀಲ, ಎಣ್ಣೆ ಡಬ್ಬಿಗಳ ಮೇಲಿನ ಅಕ್ಷರಗಳೇ ಪಠ್ಯಪುಸ್ತಕ. ನಡುವೆ ಒಮ್ಮೆ ಆತ ಪರೀಕ್ಷೆಯ ಪುಸ್ತಕ ಎಸೆದು, ಮೂರು ದಿನ ಬಾಗಿಲು ತೆರೆಯಲಿಲ್ಲ. ವರ್ಲೀನ್ ಮೂರೂ ದಿನ ಚಳಿಯಲ್ಲಿ ನಿಂತು ಬಾಗಿಲು ತಟ್ಟಿ ಹೋದರು. ನಾಲ್ಕನೆಯ ದಿನ ಕದ ತೆರೆಯಿತು. ವರ್ಷ ತುಂಬಲು ಎರಡು ವಾರವಿದ್ದಾಗ ಮೂರನೆಯ ಪರೀಕ್ಷೆ. ಎಪ್ಪತ್ತೈದು ಅಂಕ ಬೇಕಿತ್ತು, ಎಪ್ಪತ್ತೆಂಟು ಬಂತು.

"ನನ್ನ ಹೆಸರು ಹಾಕೇ ಬರೀರಿ," ಎನ್ನುತ್ತಾರೆ ಲೂಷಿಯಸ್, ಈ ಲೇಖನಕ್ಕಾಗಿ ಮಾತಾಡಿಸಿದಾಗ. "ಹಿಂದಿನ ಬೆಂಚಲ್ಲಿ ಕನ್ನಡಕ ಮರೆಯೋರು ಇನ್ನೂ ಇದ್ದಾರೆ. ಇದನ್ನ ಅವರಿಗೆ ಯಾರಾದ್ರೂ ಓದಿ ಹೇಳ್ಲಿ."

ಈಗ ಅವರ ಬೆರಳು ಹನ್ನೊಂದನೆಯ ಪುಟದಲ್ಲಿ ನಿಂತಿದೆ. ಮತ್ತೆ ಹಿಂದಕ್ಕೆ ಹೋಗಿ, ಅದೇ ಸಾಲನ್ನು ಇನ್ನೊಮ್ಮೆ ಓದುತ್ತಾರೆ. "ಕಟ್ಟಡ ಮಾರಿದಲ್ಲಿ... ಮೂವತ್ತು ದಿನಗಳೊಳಗೆ..." ತಲೆಯೆತ್ತುತ್ತಾರೆ. "ಮಿಸ್ ವರ್ಲೀನ್, ಇದು ಸರಿಯಿಲ್ಲ ಅಲ್ವಾ?"

ವರ್ಲೀನ್ ಆ ಸಾಲಿನ ಮೇಲೆ ತಮ್ಮ ಬೆರಳನ್ನೂ ಇಡುತ್ತಾರೆ. "ಸರಿಯಿಲ್ಲಪ್ಪ," ಎನ್ನುತ್ತಾರೆ. ಲೂಷಿಯಸ್ ಪೆನ್ನು ತೆಗೆದು ಆ ಸಾಲಿನ ಕೆಳಗೆ ಗೆರೆ ಎಳೆಯುತ್ತಾರೆ. ಮಾರನೆಯ ವಾರ ಮಾಲೀಕರ ಮುಂದೆ ಅದನ್ನು ತಾವೇ ಓದಿ, ಮೂವತ್ತು ದಿನವಿದ್ದುದನ್ನು ಒಂದು ವರ್ಷ ಮಾಡಿಸಿಕೊಂಡು ಬರುತ್ತಾರೆ. ವರ್ಲೀನ್ ಜೊತೆಗೆ ಹೋಗುವುದಿಲ್ಲ. ಬೇಡ ಎಂದವರು ಲೂಷಿಯಸ್ಸೇ.

ಜೂನ್ ಬಂದರೆ ವರ್ಲೀನರಿಗೆ ಕೆಲಸವಿಲ್ಲ. ಮಂಡಿ ಸವೆದಿದೆ, ವೈದ್ಯರು ನಡೆಯಬೇಡಿ ಎಂದಿದ್ದಾರೆ. ಬೀಳ್ಕೊಡುಗೆಗೆ ಏನು ಬೇಕೆಂದು ಕೇಂದ್ರದವರು ಕೇಳಿದ್ದಾರಂತೆ.

"ನನಗೇನೂ ಬೇಡ," ಎನ್ನುತ್ತಾ ಅವರು ಕೋಟಿನ ಗುಂಡಿ ಹಾಕಿಕೊಳ್ಳುತ್ತಾರೆ. ಮುಂದಿನ ಅಂಗಡಿ ಎರಡು ಬೀದಿ ಆಚೆ. "ನನ್ನ ಜಾಗಕ್ಕೆ ಬರೋರಿಗೆ ಕಾರು ಮಾತ್ರ ಕೊಡ್ಬೇಡಿ ಅಂದೆ. ಕಾರಲ್ಲಿ ಹೋಗೋರಿಗೆ ಬರೀ ಅಂಗಡಿ ಕಾಣುತ್ತೆ. ಒಳಗಿರೋ ಮನುಷ್ಯ ಕಾಣ್ಬೇಕಂದ್ರೆ ನಡ್ಕೊಂಡೇ ಹೋಗ್ಬೇಕು."