ಬಿಸಿನೀರಲ್ಲಿ ಬೆಂದ ಅಂಗಿ

ಬಟ್ಟೆ ಒಗೆಯಲು ಬಾರದ ಗಂಡಸರ ಬಗ್ಗೆ ಲಾಂಡ್ರಿ ಅಕ್ಕನಿಗೆ ಕನಿಕರವಿತ್ತು. ಒಗೆಯುವುದು ಕೀಳು ಕೆಲಸ ಎಂದುಕೊಂಡ ಗಂಡಸರ ಬಗ್ಗೆ ಮಾತ್ರ ಅವಳಿಗಿದ್ದದ್ದು ಬರೀ ತಾತ್ಸಾರ. ಅಂಥವರು ಕೌಂಟರಿನ ಮುಂದೆ ಬಂದು ನಿಂತರೆ ಅವಳು ಮೊದಲು ಕಾಲರ್ ನೋಡುವಳು, ಆಮೇಲೆ ತೋಳಿನ ಪಟ್ಟಿ, ಕೊನೆಗೆ ಬೇಕಿದ್ದರೆ ಮುಖ. ಮುಖ ನೋಡಿ ತಿಳಿಯುವಂಥದ್ದು ಏನೂ ಇರುವುದಿಲ್ಲ ಎಂಬುದು ಅವಳ ಅನುಭವ.

ಈ ಅನುಭವ ಅವಳಿಗೆ ಸುಮ್ಮನೆ ಬಂದದ್ದಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಅತ್ತೆಯ ಹಿಂದೆ ಆಸ್ಪತ್ರೆಯ ಒಗೆಯುವ ಮನೆಗೆ ಹೋದವಳು ಹನ್ನೊಂದು ವರ್ಷ ಅಲ್ಲಿ ದುಡಿದಳು. ಆಪರೇಷನ್ ಕೋಣೆಯಿಂದ ಬರುವ ಹೊದಿಕೆಗಳನ್ನು ಅತ್ತೆ ಮೊದಲು ತಣ್ಣೀರಿನ ತೊಟ್ಟಿಗೇ ಹಾಕಿಸುವಳು. "ಬಿಸಿನೀರು ಮುಟ್ಟಿಸಿದ್ಯೋ, ರಕ್ತ ಮೊಟ್ಟೆ ಥರ ಬೆಂದು ನೂಲಿಗೇ ಅಂಟಿಕೊಳ್ಳುತ್ತೆ. ಆಮೇಲೆ ದೇವರೇ ಬಂದು ಉಜ್ಜಿದ್ರೂ ಹೋಗಲ್ಲ," ಎಂದು ಗದರುವಳು. ಗಂಡ ಎದೆಯ ಕಾಯಿಲೆಯಿಂದ ತೀರಿಕೊಂಡ ಮೇಲೆ ಅಕ್ಕ ಮೈದುನನ ಜೊತೆ ಸೇರಿ ಸ್ವಂತ ಅಂಗಡಿ ತೆರೆದಳು. ಮುಂದೆ ಒಂದು ಕೌಂಟರ್, ಹಿಂದೆ ಎರಡು ಕಲ್ಲಿನ ತೊಟ್ಟಿ, ಕಿಟಕಿಯ ಪಕ್ಕ ಇಸ್ತ್ರಿ ಮೇಜು. ಇಸ್ತ್ರಿ ಮೈದುನನ ಪಾಲು, ಕಲೆ ತೆಗೆಯುವುದು ಅವಳ ಪಾಲು.

ಕಲೆ ತೆಗೆಯುವುದರಲ್ಲಿ ಅವಳದೊಂದು ಪದ್ಧತಿಯಿತ್ತು. ಬಟ್ಟೆ ನೀರು ಕಾಣುವ ಮೊದಲು ಒಂದು ಉದ್ದ ಪುಸ್ತಕದಲ್ಲಿ ಅದರ ಚಿತ್ರ ಬರೆದು, ಕಲೆ ಎಲ್ಲೆಲ್ಲಿದೆಯೋ ಅಲ್ಲಲ್ಲಿ ಚುಕ್ಕೆ ಇಡುವಳು. ಕಲೆ ಯಾವುದರದೆಂದು ತಂದವರೇ ಬರೆದು ರುಜು ಹಾಕಬೇಕು. "ನಮ್ಮ ಬಟ್ಟೇಲಿ ಕಲೆಯೇ ಇರ್ಲಿಲ್ಲ, ನೀನೇ ಮಾಡಿದ್ದು" ಎಂದು ಜಗಳಕ್ಕೆ ಬರುವ ದೊಡ್ಡ ಮನುಷ್ಯರಿಂದ ಕಲಿತ ಪಾಠ ಅದು. "ನಮ್ಮತ್ತಿಗೆ ಕರವಸ್ತ್ರಕ್ಕೂ ಜಾತಕ ಬರೀತಾರೆ," ಎಂದು ಮೈದುನ ನಗುತ್ತಿದ್ದ.

ಆ ಬೀದಿಯಲ್ಲಿ ಒಬ್ಬ ಅಧ್ಯಕ್ಷರಿದ್ದರು. ವಿಮಾ ಕಚೇರಿಯಲ್ಲಿ ಮ್ಯಾನೇಜರು. ಆದರೆ ನಿವಾಸಿಗಳ ಸಂಘ, ಗ್ರಂಥಾಲಯದ ಸಮಿತಿ, ಉದ್ಯಾನ ಉಳಿಸುವ ಬಳಗ, ಎಲ್ಲಿ ಎತ್ತರದ ಕುರ್ಚಿಯೊಂದು ಖಾಲಿ ಕಂಡರೂ ಅದರಲ್ಲಿ ಅವರೇ ಕೂತಿರುತ್ತಿದ್ದರು. ಹಾಗಾಗಿ ಬೀದಿಗೆಲ್ಲ ಅವರು ಅಧ್ಯಕ್ಷರು. ಮಾತು ಬೆಣ್ಣೆ. ಹೆಂಡತಿಯನ್ನು ನಾಲ್ಕು ಜನರ ಮುಂದೆ "ಬನ್ನಿ, ಕೂತ್ಕೊಳ್ಳಿ" ಎಂದೇ ಮಾತಾಡಿಸುವರು. ನೋಡಿದ ಹೆಂಗಸರು ತಮ್ಮ ಗಂಡಂದಿರ ಕಡೆ ಕಣ್ಣು ಬಿಡುವರು.

ಹೆಂಡತಿಯೋ, ಇದ್ದಾಳೋ ಇಲ್ಲವೋ ಎನ್ನುವಂಥ ಹೆಣ್ಣು. ವಾರಕ್ಕೊಮ್ಮೆ ಬಟ್ಟೆಯ ಗಂಟು ತಂದು ಇಟ್ಟು ಹೋಗುವಳು. ಒಂದು ಶನಿವಾರ ಅವಳು ಬರಲಿಲ್ಲ. ಸಂಜೆ ಆರು ಗಂಟೆಗೆ ಅಧ್ಯಕ್ಷರು ಮನೆಯ ಬಾಗಿಲಲ್ಲಿ ನಿಂತು "ಅಯ್ಯೋ, ಯಾರಾದ್ರೂ ಬನ್ನಿ" ಎಂದು ಕೂಗಿಕೊಂಡರು. ಜನ ಓಡಿ ಹೋಗಿ ನೋಡಿದರೆ ಅವಳು ಒಳಮೆಟ್ಟಿಲಿನ ಬುಡದಲ್ಲಿ ತಲೆ ಒಡೆದು ಬಿದ್ದಿದ್ದಳು. ಸಂಘದ ಸಭೆ ಮುಗಿಸಿ ನಾಲ್ಕಕ್ಕೆ ಬಂದೆ, ಬಟ್ಟೆ ಬದಲಿಸಿ ಉದ್ಯಾನಕ್ಕೆ ತಿರುಗಾಡಲು ಹೋದೆ, ಆಗ ಚೆನ್ನಾಗಿಯೇ ಇದ್ದಳು, ವಾಪಸು ಬಂದಾಗ ಹೀಗೆ ಬಿದ್ದಿದ್ದಳು, ಹೆದರಿ ಮುಟ್ಟಲೂ ಇಲ್ಲ ಎಂದು ಪೊಲೀಸರಿಗೆ ಹೇಳಿದರು. ಪೊಲೀಸರೂ ಬರೆದುಕೊಂಡರು. ಅಧ್ಯಕ್ಷರು ಹೇಳಿದ್ದನ್ನು ಬರೆದುಕೊಂಡೇ ಎಲ್ಲರಿಗೂ ಅಭ್ಯಾಸ.

ಅವಳು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಳು. ಬದುಕಿದರೂ ನೆನಪು ಪೂರಾ ಬರಲಿಕ್ಕಿಲ್ಲ ಎಂದರು ಡಾಕ್ಟರು. "ಎಷ್ಟು ದಿನವಾಗ್ಲಿ, ಮನೆಗೆ ಕರ್ಕೊಂಡು ಹೋಗಿ ನಾನೇ ನೋಡ್ಕೋತೀನಿ," ಎಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು. ಬೀದಿಯೆಲ್ಲ ಅವರ ಜೊತೆ ಕಣ್ಣೊರೆಸಿಕೊಂಡಿತು.

ಮಂಗಳವಾರ ಬೆಳಿಗ್ಗೆ ಅಧ್ಯಕ್ಷರು ಅಂಗಡಿಗೆ ಬಂದರು. ಅವರು ಸ್ವತಃ ಬಂದದ್ದು ಅದೇ ಮೊದಲು. ಕೈಯಲ್ಲೊಂದು ಬಿಳಿ ಅಂಗಿ, ಒಣಗಿ ಮುದುಡಿದ್ದು.

"ಏನಮ್ಮಾ, ಇದರ ಮೇಲೆ ಸ್ವಲ್ಪ ತುಕ್ಕು ಆಗಿದೆ. ಬೀರು ಹಿಡಿಕೆದು. ನಾಳೆ ಬೇಕು."

"ಒಗ್ದಿದೀರಾ ಸಾರ್?"

"ಹೂಂ, ಕುದಿಯೋ ನೀರಲ್ಲಿ ಸೋಪ್ ಪುಡಿ ಹಾಕಿ ಒಂದು ಗಂಟೆ ನೆನೆಸಿದ್ದೆ. ಮನೇಲಿ ಅವಳಿಲ್ಲ ನೋಡು, ಎಲ್ಲಾ ನಾನೇ."

"ಪಾಪ," ಎಂದಳು ಅಕ್ಕ. "ಇಲ್ಲಿ ಏನು ಕಲೆ ಅಂತ ಬರೆದು ಒಂದು ಸೈನ್ ಹಾಕಿಬಿಡಿ."

"ಇದಕ್ಕೂ ಸೈನಾ?" ಎಂದು ಅವರು ನಕ್ಕರು. ರುಜು ಹಾಕುವುದೆಂದರೆ ಅವರಿಗೆ ಮೊದಲಿನಿಂದ ಪ್ರೀತಿ. ಜೇಬಿನಿಂದ ಹಸಿರು ಶಾಯಿಯ ಪೆನ್ನು ತೆಗೆದು 'ತುಕ್ಕು' ಎಂದು ದುಂಡಗೆ ಬರೆದು, ರುಜು ಮಾಡಿ, ತಾರೀಕು ಹಾಕಿ, ಯಾರೂ ಕೇಳದಿದ್ದರೂ ಕೆಳಗೆ 'ಅಧ್ಯಕ್ಷರು' ಎಂದೂ ಸೇರಿಸಿದರು.

ಅಂಗಿಯನ್ನು ಸುಟ್ಟುಹಾಕುವಷ್ಟು ಬುದ್ಧಿ ಅವರಿಗೆ ಇರಲಿಲ್ಲವೆಂದಲ್ಲ. ಶನಿವಾರದ ಸಭೆಯಲ್ಲಿ ಅದೇ ಅಂಗಿ ತೊಟ್ಟು ಭಾಷಣ ಮಾಡಿದ್ದರು. ಸಂಘದ ಫಲಕದ ಮೇಲೆ ಆ ಸಭೆಯ ಫೋಟೋ ಅಂಟಿಸಿದ್ದರು. ಅಂಗಿ ಕಾಣದೆ ಹೋದರೆ ಯಾರಾದರೂ ಕೇಳಿಯಾರು, ಬೀರುವಿನಲ್ಲಿ ಬೆಳ್ಳಗೆ ನೇತಾಡುತ್ತಿದ್ದರೆ ಯಾರೂ ಕೇಳರು ಎಂಬ ಲೆಕ್ಕಾಚಾರ. ಲಾಂಡ್ರಿಯವಳಿಗೆ ಕೈಗಳಿರುತ್ತವೆ, ಕಣ್ಣಿರುವುದಿಲ್ಲ ಎಂಬುದು ಆ ಲೆಕ್ಕಾಚಾರದ ಇನ್ನೊಂದು ಭಾಗ.

ಅವರು ಹೋದ ಮೇಲೆ ಅಕ್ಕ ಅಂಗಿಯನ್ನು ಕಿಟಕಿಯ ಬೆಳಕಿಗೆ ಹರವಿದಳು. ಎದೆಯ ಮೇಲೆ ಏನೂ ಇರಲಿಲ್ಲ. ಬಲತೋಳಿನ ಪಟ್ಟಿಯ ಒಳಮಡಿಕೆಯಲ್ಲಿ ಸಾಸಿವೆಯಷ್ಟು ಸಣ್ಣ ಕಂದು ಹನಿಗಳು. ಬೆನ್ನಿನ ಕಡೆ, ಬಲಭುಜದಿಂದ ಕೆಳಕ್ಕೆ, ಸಾಲು ಹಿಡಿದು ಮತ್ತೆ ಏಳೆಂಟು. ತುಕ್ಕು ಬೆನ್ನ ಮೇಲೆ ಹೀಗೆ ಹಾರುತ್ತದೆಯೇ? ಆಸ್ಪತ್ರೆಯಲ್ಲಿ, ಹೊಸ ಆಯಾಗಳು ತಪ್ಪಿ ಬಿಸಿನೀರಿಗೆ ಹಾಕಿದ ಹೊದಿಕೆಗಳ ಮೇಲೆ, ಈ ಕಂದು ಬಣ್ಣವನ್ನು ಅವಳು ನೂರು ಸಲ ನೋಡಿದ್ದಳು. ಆ ಗಳಿಗೆಯಿಂದ ಅವಳ ಪಾಲಿಗೆ ಅಧ್ಯಕ್ಷರು ಅಧ್ಯಕ್ಷರಾಗಿ ಉಳಿಯಲಿಲ್ಲ, 'ಅವನು' ಆದ.

"ಥೂ, ದಡ್ಡ ಮುಂಡೇದು," ಎಂದಳು ಬಾಯಿಬಿಟ್ಟು. "ಹತ್ತು ವರ್ಷದ ಹುಡುಗೀಗೂ ಗೊತ್ತಿರುತ್ತೆ ಇದು. ತಣ್ಣೀರಲ್ಲಿ ಅದ್ದಿದ್ರೆ ಮುಗೀತಿತ್ತು. ಬೇಯಿಸಿ, ಕಾಪಾಡಿ, ನನ್ನ ಕೈಗೆ ತಂದು ಕೊಟ್ಟಿದಾನೆ."

ಮೈದುನ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಬಂದು ನೋಡಿದ. "ಅತ್ತಿಗೆ, ನಮಗ್ಯಾಕೆ ಉಸಾಬರಿ? ತೆಗೆಯೋಕಾಗ್ಲಿಲ್ಲ ಅಂತ ವಾಪಸ್ ಕೊಟ್ಬಿಡಿ. ದೊಡ್ಡೋರ ತಂಟೆ."

"ಯಾರು ದೊಡ್ಡೋರು? ಹೆಂಡ್ತಿ ತಲೆ ಒಡೆಯೋದಕ್ಕೆ ಬೆಳ್ಳಗಿನ ಅಂಗಿ ಹಾಕ್ಕೊಂಡು ಹೋಗೋರಾ?"

"ನೀವು ನೋಡಿದ್ರಾ?"

"ನೋಡಿದೀನಿ," ಎಂದಳು ಅಕ್ಕ, ದನಿ ಇಳಿದುಹೋಯಿತು. "ಎರಡು ವರ್ಷದಿಂದ ನೋಡಿದೀನಿ."

ಅದು ನಿಜವಾಗಿತ್ತು. ಆ ಮನೆಯ ದಿಂಬಿನ ಚೀಲಗಳ ಮೇಲೆ, ಒಮ್ಮೆ ರವಿಕೆಯ ಬೆನ್ನಿನ ಕಡೆ ಕುತ್ತಿಗೆಯ ಹತ್ತಿರ, ಮತ್ತೊಮ್ಮೆ ಟವೆಲಿನ ಮೂಲೆಯಲ್ಲಿ ರಕ್ತ ಕಂಡಿತ್ತು. "ಮೂಗು ಒಡೀತು ಅಕ್ಕ," ಎನ್ನುವಳು ಆ ಹೆಣ್ಣು. ಪುಸ್ತಕದಲ್ಲೂ 'ಮೂಗಿನ ರಕ್ತ' ಎಂದು ಗುಬ್ಬಿಯ ಕಾಲಿನಂಥ ಅಕ್ಷರದಲ್ಲಿ ಬರೆಯುವಳು. ಅಕ್ಕ ತಣ್ಣೀರಲ್ಲಿ ಉಪ್ಪು ಹಾಕಿ ನೆನೆಸಿ, ಒಂದು ಗುರುತೂ ಉಳಿಯದಂತೆ ತೆಗೆದು, ಮಡಚಿ ಕೊಡುವಳು. ತನ್ನ ಕೈಚಳಕಕ್ಕೆ ತಾನೇ ಹೆಮ್ಮೆಪಡುವಳು. ಅವನು ಮಾಡಿದ್ದನ್ನೆಲ್ಲ ತೊಳೆದು ಬೆಳ್ಳಗೆ ಮಾಡಿ ಕಳಿಸಿದವಳು ತಾನೇ. ಅವನ ಮೇಲೆ ಉಗಿಯಲು ತುಂಬಿಕೊಂಡ ಎಂಜಲಿನಲ್ಲಿ ಒಂದು ಪಾಲು ತನ್ನ ಮುಖಕ್ಕೂ ಸೇರಬೇಕಾದದ್ದೇ ಅನ್ನಿಸಿತು. ಕಣ್ಣು ಮುಚ್ಚಿ ಒಂದು ನಿಮಿಷ ನಿಂತಳು. ಏನು ಬೇಡಿಕೊಂಡಳೋ ಅವಳಿಗೇ ಗೊತ್ತು.

ಅಂಗಿಯನ್ನು ಮತ್ತೆ ಕೈಯಿಂದ ಮುಟ್ಟಲಿಲ್ಲ. ಪುಸ್ತಕದಲ್ಲಿ ಅದರ ಹಿಂದು ಮುಂದು ಬರೆದು, ಒಂದೊಂದು ಹನಿಗೂ ಚುಕ್ಕೆ ಇಟ್ಟಳು. ಶುಭ್ರವಾದ ಇಕ್ಕಳದಲ್ಲಿ ಎತ್ತಿ, ಹೊಸ ಕಾಗದದಲ್ಲಿ ಸುತ್ತಿ, ಪುಸ್ತಕದ ಸಮೇತ ಠಾಣೆಗೆ ನಡೆದಳು.

ಠಾಣೆಯಲ್ಲಿ ಒಬ್ಬ ಪೇದೆ ಪ್ಲಾಸ್ಟಿಕ್ ಚೀಲ ತಂದ.

"ಅದರಲ್ಲಿ ಹಾಕ್ಬೇಡಪ್ಪಾ. ತೇವ ಇದ್ರೆ ಬೂಷ್ಟು ಹಿಡಿಯುತ್ತೆ. ಕಾಗದದಲ್ಲೇ ಇರ್ಲಿ."

"ನಮಗೇ ಹೇಳ್ಕೊಡ್ತೀಯಾ ಅಜ್ಜಿ?"

"ನಿನ್ನ ಯೂನಿಫಾರಂ ನೋಡಿದ್ರೆ ಯಾರಾದ್ರೂ ಹೇಳ್ಕೊಡೋದು ಒಳ್ಳೇದು ಅನ್ಸುತ್ತೆ," ಎಂದಳು ಅಕ್ಕ. ಮೇಜಿನ ಹಿಂದೆ ಕೂತಿದ್ದ ಮಹಿಳಾ ಇನ್ಸ್‌ಪೆಕ್ಟರು ನಗು ತಡೆದುಕೊಂಡು ಎದ್ದು ಬಂದರು. ಪುಸ್ತಕ ತಿರುವಿ, ಹಸಿರು ಶಾಯಿಯ ರುಜು ನೋಡಿ, ನಗು ನಿಲ್ಲಿಸಿದರು. ಅಂಗಿ ಕಾಗದದಲ್ಲೇ ಮೊಹರಾಗಿ ಪ್ರಯೋಗಾಲಯಕ್ಕೆ ಹೋಯಿತು.

ಬುಧವಾರ ಅವನು ಅಂಗಿ ಕೇಳಿಕೊಂಡು ಬಂದ. "ತುಕ್ಕು ಗಟ್ಟಿ ಇದೆ ಸಾರ್, ದೊಡ್ಡ ಕಡೆ ಕಳಿಸಿದೀನಿ," ಎಂದಳು ಅಕ್ಕ. ಅವನು ಥ್ಯಾಂಕ್ಸ್ ಹೇಳಿ ಹೋದ.

ಎರಡು ವಾರದಲ್ಲಿ ಅವನನ್ನು ಹಿಡಿದರು. ಬೀದಿ ಹೌಹಾರಿತು. ಅಂಥ ಸಭ್ಯಸ್ಥನ ಮೇಲೆ ಅಗಸಗಿತ್ತಿಯ ಮಾತು ಕೇಳಿ ಕೇಸು ಹಾಕುವುದೇ ಎಂದು ಸಂಘದವರು ಖಂಡನೆಯ ಸಭೆ ಕರೆದರು. ಎತ್ತರದ ಕುರ್ಚಿಯಲ್ಲಿ ಯಾರು ಕೂರಬೇಕೆಂಬ ಜಗಳದಲ್ಲಿ ಆ ಸಭೆ ಮುರಿದುಬಿತ್ತು. ಅಂಗಡಿಗೆ ಬರುವ ಗಂಟುಗಳು ಅರ್ಧವಾದವು.

ವಿಚಾರಣೆಯ ಹೊತ್ತಿಗೆ ಆ ಹೆಣ್ಣಿಗೆ ಪ್ರಜ್ಞೆ ಬಂದಿತ್ತು. ಆದರೆ ಆ ಸಂಜೆಯದು ಒಂದಿಷ್ಟೂ ನೆನಪಿರಲಿಲ್ಲ. ಸದ್ಯಕ್ಕೆ ಅವಳು ತನ್ನ ಚಿಕ್ಕಮ್ಮನ ಮನೆಯಲ್ಲಿದ್ದಳು. ಅವನು ಖುಲಾಸೆಯಾದರೆ ಗಂಡನೆಂಬ ಹಕ್ಕಿನಲ್ಲಿ ಅವಳನ್ನು ಮತ್ತೆ ಅದೇ ಮನೆಗೆ, ಅದೇ ಮೆಟ್ಟಿಲಿನ ಬುಡಕ್ಕೆ ಕರೆದುಕೊಂಡು ಹೋಗುವನು. ತಡೆಯಲು ಆ ಎಪ್ಪತ್ತರ ಮುದುಕಿಯಿಂದ ಆಗುವುದಲ್ಲ. ಇರುವುದು ಒಂದು ಅಂಗಿ, ಅಷ್ಟೇ.

ಪ್ರಯೋಗಾಲಯದಿಂದ ಬಂದ ವಿಜ್ಞಾನಿ ತೆಳ್ಳಗಿನ ಹೆಂಗಸು, ಮೆಲ್ಲನೆಯ ಮಾತು. ಪಟ್ಟಿಯ ಒಳಹೊಲಿಗೆಯಲ್ಲಿ ಸಿಕ್ಕಿದ ರಕ್ತದ ಡಿಎನ್‌ಎ ಹೆಂಡತಿಯದೇ ಎಂದರು. ತಕ್ಷಣ ಅವನ ಕಥೆ ಬದಲಾಯಿತು. ಗಾಬರಿಯಲ್ಲಿ ಮರೆತಿದ್ದೆ, ತಿರುಗಾಡಲು ಹೋಗಲೇ ಇಲ್ಲ, ಬಿದ್ದವಳನ್ನು ಎದೆಗೊರಗಿಸಿ ಎತ್ತಿದ್ದೆ, ಆಗ ತಾಗಿರಬೇಕು, ಆಮೇಲೆ ಅಂಗಿ ಬದಲಿಸಿದೆ ಎಂದು ವಕೀಲರ ಬಾಯಲ್ಲಿ ಹೇಳಿಸಿದ.

"ಎದೆಗೊರಗಿಸಿದ್ದರೆ ಎದೆಯ ಮೇಲೆ ರಕ್ತ ಒರೆಸಿದ ಹಾಗೆ ಹರಡಿರುತ್ತೆ," ಎಂದರು ವಿಜ್ಞಾನಿ. "ಎದೆ ಮೇಲೆ ಒಂದು ಹನಿಯೂ ಇಲ್ಲ. ಇವು ಸಿಡಿದ ಹನಿಗಳು. ರಕ್ತ ಅಂಟಿದ್ದ ವಸ್ತುವನ್ನ ಮತ್ತೆ ಮೇಲಕ್ಕೆ ಬೀಸಿದಾಗ ಬೀಸಿದವರ ಬೆನ್ನ ಮೇಲೇ ಹೀಗೆ ಸಾಲಾಗಿ ಬೀಳ್ತವೆ. ಒಂದಕ್ಕಿಂತ ಹೆಚ್ಚು ಏಟು. ಕುದಿಯುವ ನೀರಲ್ಲಿ ಹಾಕಿದ್ದರಿಂದ ಹನಿಗಳು ಬಟ್ಟೆಗೆ ಕಚ್ಚಿಕೊಂಡು, ಇದ್ದ ಜಾಗದಲ್ಲೇ ಉಳಿದಿವೆ. ಲಾಂಡ್ರಿ ಪುಸ್ತಕದ ಚಿತ್ರಕ್ಕೂ ನಾವು ತೆಗೆದ ಫೋಟೋಗೂ ಒಂದು ಚುಕ್ಕೆಯ ವ್ಯತ್ಯಾಸ ಇಲ್ಲ."

ಆಮೇಲೆ ಅಕ್ಕನ ಸರದಿ. ಅವನ ವಕೀಲರು ಕೋಟು ಕೊಡವಿಕೊಂಡು ಎದ್ದರು. ಕೋಟಿನ ಕಂಕುಳಲ್ಲಿ ಬೆವರಿನ ಕಲೆ, ಮೂರು ತಿಂಗಳಿಂದ ಒಗೆದಿಲ್ಲ ಎಂದು ಅಕ್ಕ ಅಂದಾಜು ಮಾಡಿದಳು.

"ಎಷ್ಟನೇ ಕ್ಲಾಸ್ ಓದಿದೀರಮ್ಮಾ?"

"ನಾಲ್ಕು."

"ನಾಲ್ಕು! ಯಾವ ಯಂತ್ರವೂ ಇಲ್ಲದೆ, ಬರೀ ನೋಡಿ, ಅದು ರಕ್ತ ಅಂತ ಹೇಗೆ ಹೇಳಿದ್ರಿ?"

"ಸ್ವಾಮಿ, ನಾನು ಹೆಂಗಸು," ಎಂದಳು ಅಕ್ಕ. "ಹದಿಮೂರನೇ ವಯಸ್ಸಿಂದ ತೊಳೀತಾ ಬಂದಿದೀನಿ."

ಹಿಂದಿನ ಸಾಲಿನ ಹೆಂಗಸರು ಕಿಸಕ್ಕನೆ ನಕ್ಕರು. ನ್ಯಾಯಾಧೀಶರು ಕಾಗದದ ಮೇಲೆ ಕಣ್ಣು ಇಳಿಸಿದರು. ವಕೀಲರ ಕಿವಿ ಕೆಂಪಾಯಿತು. ಆ ರೋಷದಲ್ಲಿ ಕೇಳಬಾರದ್ದನ್ನು ಕೇಳಿದರು: "ಅಷ್ಟು ಚೆನ್ನಾಗಿ ಗೊತ್ತಾಗುತ್ತೆ ಅಂದ್ರೆ, ಎರಡು ವರ್ಷದಿಂದ ಆ ಮನೆ ಬಟ್ಟೆ ಒಗೀತಿದೀರಲ್ಲ, ಮುಂಚೆ ಯಾವತ್ತಾದ್ರೂ ರಕ್ತ ಕಂಡಿತ್ತಾ? ಕಂಡಿದ್ರೆ ಆವಾಗ ಯಾಕೆ ಬಾಯಿ ಬಿಡ್ಲಿಲ್ಲ?"

ಕಂಡಿರಲಿಲ್ಲ ಎಂದರೆ ಅವನು ಸಾಧುವಾಗುವನು. ಕಂಡಿತ್ತು ಎಂದರೆ ಅಷ್ಟು ಜನರ ಮುಂದೆ ತಾನು ಯಾರೆಂಬುದು ಬಯಲಾಗುವುದು. ಅಕ್ಕ ಕಟಕಟೆಯ ಮರವನ್ನು ಬಿಗಿಯಾಗಿ ಹಿಡಿದಳು.

"ಒಂಬತ್ತು ಸಲ ಕಂಡಿತ್ತು. ಪುಸ್ತಕದಲ್ಲಿದೆ, ತಾರೀಕಿನ ಸಮೇತ. 'ಮೂಗಿನ ರಕ್ತ' ಅಂತ ಆಕೆ ಕೈಲೇ ಬರೆದಿದೆ. ಮೂಗಿನ ರಕ್ತ ದಿಂಬಿನ ಮೇಲೆ ಬೀಳ್ಬಹುದು ಸ್ವಾಮಿ, ರವಿಕೆ ಬೆನ್ನಿಗೆ ಹೇಗೆ ಬೀಳುತ್ತೆ? ನನಗೆ ಗೊತ್ತಾಗಿತ್ತು. ಗಿರಾಕಿ ಮನೆ ವಿಷಯ ಅಂತ ಬಾಯಿ ಮುಚ್ಕೊಂಡು ಒಗೆದುಕೊಟ್ಟೆ. ನನ್ನದು ತಪ್ಪು. ಇವನನ್ನ ಇಷ್ಟು ವರ್ಷ ಬೆಳ್ಳಗೆ ಇಟ್ಟಿದ್ದು ನಾನೇ."

ಪುಸ್ತಕವನ್ನು ನ್ಯಾಯಾಧೀಶರು ತರಿಸಿಕೊಂಡರು. ಒಂದೊಂದೇ ಹಾಳೆ ತಿರುವಿದರು. ಅಷ್ಟು ಹೊತ್ತೂ ಆರೋಪಿಯ ಕಟಕಟೆಯಲ್ಲಿದ್ದ ಅವನು ಅಕ್ಕನ ಮುಖವನ್ನೇ ದಿಟ್ಟಿಸುತ್ತಿದ್ದ, ಗೋಡೆಯ ಗಡಿಯಾರ ಇದ್ದಕ್ಕಿದ್ದಂತೆ ಬೈದರೆ ನೋಡುವ ಹಾಗೆ. ಅವಳಿಗೂ ಒಂದು ಮುಖವಿದೆ ಎಂದು ಅವನು ಆವತ್ತು ಮೊದಲ ಸಲ ಗಮನಿಸಿದ್ದಿರಬೇಕು.

ಕೊಲೆಯ ಯತ್ನಕ್ಕೆ ಹತ್ತು ವರ್ಷ ಶಿಕ್ಷೆಯಾಯಿತು. ತೀರ್ಪು ಓದಿ, ಏನಾದರೂ ಹೇಳುವುದಿದೆಯೇ ಎಂದು ನ್ಯಾಯಾಧೀಶರು ಕೇಳಿದಾಗ ಅವನು ಗಂಟಲು ಸರಿಮಾಡಿಕೊಂಡು, ಎರಡು ಕೈ ಎತ್ತಿ, "ಮಾನ್ಯರೇ" ಎಂದು ಶುರುಮಾಡಿದ. ಪೇದೆಗಳು ಮುಗಿಸಲು ಬಿಡಲಿಲ್ಲ. ಬೀದಿಯವರಿಗೆ ಅವನ ಮೇಲೆ ಮೊದಲಿನಿಂದಲೂ ಅನುಮಾನವಿತ್ತಂತೆ. ಹಾಗೆಂದು ಹೇಳುತ್ತ ಒಬ್ಬೊಬ್ಬರೇ ಗಂಟು ಹೊತ್ತು ಅಂಗಡಿಗೆ ಬಂದರು. ಅಕ್ಕ ಅವರ ಬಟ್ಟೆ ಒಗೆದಳು, ಮಾತಿಗೆ ತಲೆಯಾಡಿಸಲಿಲ್ಲ.

ತೀರ್ಪಿನ ಮರುದಿನ ಮಧ್ಯಾಹ್ನ ಅಕ್ಕ ಆ ಚಿಕ್ಕಮ್ಮನ ಮನೆ ಹುಡುಕಿಕೊಂಡು ಹೋದಳು. ಒಂದೇ ಕೋಣೆ. ಬಾಗಿಲಿಗೆ ಎರಡು ಅಗುಳಿ, ಸಾಲದ್ದಕ್ಕೆ ಒಳಗಿನಿಂದ ಒಂದು ಮೇಜು ಒತ್ತಿಟ್ಟಿದ್ದರು. ಹೆಂಗಸು ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಆಪರೇಷನ್ನಿಗಾಗಿ ಮತ್ತೆ ಬೋಳಿಸಿದ ತಲೆಯಲ್ಲಿ ಕೂದಲು ಮೊಳಕೆ ಬಂದಿತ್ತು.

ಅಕ್ಕ ನೆಲದ ಮೇಲೆ ಕೂತು, "ತಪ್ಪು ಮಾಡಿಬಿಟ್ಟೆ ತಾಯಿ. ಎಲ್ಲಾ ಗೊತ್ತಿದ್ದೂ ತೊಳೆದುಕೊಟ್ಟೆ," ಎಂದಳು.

ಹೆಂಗಸಿಗೆ ಅದು ತಿಳಿಯಿತೋ ಇಲ್ಲವೋ. ಅವಳ ಕಣ್ಣು ಬಾಗಿಲ ಮೇಲಿತ್ತು. "ಅವರು ಎಷ್ಟು ಹೊತ್ತಿಗೆ ಬರ್ತಾರೆ?" ಎಂದಳು, ನಾಲಿಗೆ ಎಳೆದೆಳೆದು.

"ದಿನಾ ಇದೇ ಕೇಳೋದು," ಎಂದರು ಚಿಕ್ಕಮ್ಮ ಮೆಲ್ಲಗೆ. "ಇಷ್ಟು ದಿನ ಏನು ಹೇಳ್ಬೇಕೋ ಗೊತ್ತಾಗ್ತಿರ್ಲಿಲ್ಲ."

"ಬರಲ್ಲ," ಎಂದಳು ಅಕ್ಕ.

"ಸಂಜೆಗಾ?"

"ಸಂಜೆಗೂ ಬರಲ್ಲ."

"ನಾಳೆ?"

"ನಾಳೇನೂ ಇಲ್ಲ, ನಾಡಿದ್ದೂ ಇಲ್ಲ. ಜೈಲಲ್ಲಿದಾನೆ. ಹತ್ತು ವರ್ಷ."

ಹೆಂಗಸು ಬಾಗಿಲ ಕಡೆ ನೋಡಿದಳು. ಮತ್ತೆ ಕೇಳಿದಳು. ಅಕ್ಕ ಮತ್ತೆ ಅದನ್ನೇ ಹೇಳಿದಳು, ಬೇಸರಿಸದೆ. ಐದನೆಯ ಸಲವೋ ಆರನೆಯ ಸಲವೋ ಹೇಳಿದ ಮೇಲೆ, ಗೋಡೆಗೆ ಬಿಗಿದಂತಿದ್ದ ಅವಳ ಹೆಗಲು ಸಡಿಲವಾಯಿತು.

"ಹಾಗಾದ್ರೆ ಮೇಜು ತೆಗೀರಿ ಚಿಕ್ಕಮ್ಮ," ಎಂದಳು. "ಬಾಗಿಲು ತೆಗೆದಿಡಿ. ಸೆಕೆ."