ಗೇರ್‌ಬಾಕ್ಸ್ ಬದಲಾವಣೆಯ ಕುರಿತು ತಪ್ಪೊಪ್ಪಿಗೆ

ಇಪ್ಪತ್ತು ವರ್ಷಗಳಿಂದ ಕಚೇರಿಯ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದವನಲ್ಲವಾದ್ದರಿಂದ, ಇದನ್ನೂ ಅದೇ ರೀತಿಯಲ್ಲಿ ಆರಂಭಿಸುತ್ತಿದ್ದೇನೆ. ವಿಷಯ: ನನ್ನ ಮಾವನವರ ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಸ ಗೇರ್‌ಬಾಕ್ಸ್ ಹಾಕಿಸಿದ್ದು ಮತ್ತು ಅನಂತರ ನಾನು ನಡೆದುಕೊಂಡ ರೀತಿ.

ಮಾವನವರು ವಿಜಯಪುರದ ಕಡೆಯವರು, ಈಗ ನಮ್ಮ ಜೊತೆಗೇ ಇದ್ದಾರೆ. ದೇಹೂ ರೋಡಿನ ಸೇನಾ ಡಿಪೋದಲ್ಲಿ ಫಿಟ್ಟರ್ ಆಗಿದ್ದಾಗ, ವರ್ಗವಾಗಿ ಹೊರಟಿದ್ದ ಅಧಿಕಾರಿಯೊಬ್ಬರು ಕೆಟ್ಟು ನಿಂತಿದ್ದ ಈ ಎರಡು ಸೀಟಿನ ಕಾರನ್ನು ಅವರಿಗೆ ಮಾರಿದ್ದರು. ಅದನ್ನು ತಮ್ಮ ಕೈಯಿಂದಲೇ ಸರಿಮಾಡಿ ನಲವತ್ತು ವರ್ಷ ಓಡಿಸಿದರು. ಸವೆದ ಎರಡನೇ ಗೇರು ಕರಕರ ಎನ್ನುತ್ತಿತ್ತು. ಕ್ಲಚ್ಚನ್ನು ಎರಡು ಸಲ ಒತ್ತಿ, ನಡುವೆ ತುಸು ಆಕ್ಸಲರೇಟರ್ ಕೊಟ್ಟು, ಅವರು ಅದನ್ನು ಸದ್ದಿಲ್ಲದೆ ಹಾಕುತ್ತಿದ್ದರು. ನನ್ನಿಂದ ಅದು ಆಗುತ್ತಿರಲಿಲ್ಲ.

"ಅಳಿಯಂದ್ರ, ಅದು ಗೇರ್ ಅದ, ಜ್ವಾಳದ ಗಿರಣಿ ಅಲ್ಲ" ಎಂದು ನಗುತ್ತಿದ್ದರು. ನನ್ನ ಹೆಂಡತಿಯೂ ನಗುತ್ತಿದ್ದಳು. ಆ ನಗುವನ್ನು ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದೆ ಎಂಬುದನ್ನು ಇಲ್ಲಿ ಮರೆಮಾಚುವುದಿಲ್ಲ.

ಕಳೆದ ವರ್ಷ ಅವರು ಹಿರಿಯ ಮಗಳ ಮನೆಗೆಂದು ಸೊಲ್ಲಾಪುರಕ್ಕೆ ಹೋಗಿದ್ದಾಗ, ಅವರ ಅನುಮತಿ ಕೇಳದೆ ಕಾರನ್ನು ಧನಕವಡಿಯ ಗ್ಯಾರೇಜೊಂದಕ್ಕೆ ಒಯ್ದೆ. ನಾಲ್ಕು ಗೇರಿನ ಹಳೆಯ ಡಬ್ಬಿ ಇಳಿದು ಐದು ಗೇರಿನ ಹೊಸದು ಏರಿತು. ಎರಡು ಬೆರಳಲ್ಲಿ ಆಡುವಂಥ ಹೊಸ ಗೇರ್ ಕೋಲು ಬಂತು. ಹಳೆಯದರಲ್ಲಿ ಎಡಕ್ಕೆ ತಳ್ಳಿ ಮೇಲಕ್ಕೆ ಒತ್ತಿದರೆ ರಿವರ್ಸ್ ಬೀಳುತ್ತಿತ್ತು. ಹೊಸದರಲ್ಲಿ ಅದೇ ಜಾಗದಲ್ಲಿ ಫಸ್ಟ್. ರಿವರ್ಸ್ ಬಲಗಡೆ ಕೆಳಕ್ಕೆ ಹೋಗಿತ್ತು.

"ಸಾಹೇಬ, ಹಾ ನಾಬ್ ಬದಲಾ" ಎಂದು ಮಿಸ್ತ್ರಿ ಮರಾಠಿಯಲ್ಲಿ ಹೇಳಿ, ಹೊಸ ಕೋಲಿನ ತುದಿಗೆ ಕೂರಿಸಿದ್ದ ಹಳೆಯ ಗುಂಡನ್ನು ತೋರಿಸಿದ. ಅದರ ಮೇಲೆ ಹಳೆಯ ಗೇರುಗಳ ನಕ್ಷೆ ಕೊರೆದಿತ್ತು. ಬದಲಿಸಲು ನಾನು ಒಪ್ಪಲಿಲ್ಲ. ಭಾನುವಾರ ಹಳೆಯ ಕಾರುಗಳವರು ಸೇರುವಲ್ಲಿ, ಒಳಗಿನದೆಲ್ಲ ಮೂಲದ್ದೇ ಎಂದು ಜನ ಮೆಚ್ಚಬೇಕಾಗಿತ್ತು. ಹಾಗಾದರೆ ಓಡಿಸುವವರಿಗೆಲ್ಲ ಹೇಳಿಬಿಡಿ ಎಂದು ಆತ ಎರಡು ಸಲ ಎಚ್ಚರಿಸಿದ.

ಶುಕ್ರವಾರ ಮಾವನವರು ಮರಳಿದರು. ಭಾನುವಾರದವರೆಗೆ ಹೇಳದೆ ಇದ್ದು ಅವರನ್ನು ಬೆರಗುಗೊಳಿಸಬೇಕೆಂದು ನಾನು ತೀರ್ಮಾನಿಸಿದ್ದೆ. ಶನಿವಾರ ಬೆಳಿಗ್ಗೆ, ಕೋಥರೂಡದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಪಾರ್ಕಿಂಗಿನಿಂದ ದೊಡ್ಡ ಸದ್ದು ಕೇಳಿಸಿತು. ಓಡಿಹೋಗಿ ನೋಡಿದರೆ, ಹಿಂದಕ್ಕೆ ಬರಬೇಕಾಗಿದ್ದ ಕಾರು ಮುಂದಕ್ಕೆ ಹಾರಿ ನೀರಿನ ಪಂಪಿನ ಕೋಣೆಯ ಬಾಗಿಲನ್ನು ಮುರಿದಿತ್ತು. ಮಾವನವರಿಗೆ ಪೆಟ್ಟಾಗಿರಲಿಲ್ಲ. ಸುತ್ತ ಏಳೆಂಟು ಜನ ನೆರೆದಿದ್ದರು.

"ಆಜೋಬಾ, ಆತಾ ಪುರೇ ಕರಾ" ಎಂದರು ಎರಡನೇ ಮಹಡಿಯ ಹೆಂಗಸು. ಇನ್ನು ಸಾಕುಮಾಡಿ ಅಜ್ಜ, ಎಂದು.

"ನಾ ರಿವರ್ಸೇ ಹಾಕೀನ್ರಿ" ಎಂದರು ಮಾವನವರು. ನನ್ನ ಕಡೆ ತಿರುಗಿ, "ಗೇರ್ ಯಾಕೋ ಭಾಳ ಹಗೂರ ಬಿತ್ತು, ಅಳಿಯಂದ್ರ" ಎಂದರು.

"ಗ್ಯಾರೇಜಲ್ಲಿ ಎಣ್ಣೆ ಹಾಕಿಸಿದ್ದೆ" ಎಂದೆ. ಏನಾಗಿದೆಯೆಂದು ಆ ಕ್ಷಣದಲ್ಲೇ ನನಗೆ ಪೂರ್ಣವಾಗಿ ತಿಳಿದಿತ್ತು.

ಅವರು ನಕ್ಷೆಯಿದ್ದ ಆ ಗುಂಡನ್ನು ನೋಡಿದರು, ತಮ್ಮ ಅಂಗೈಯನ್ನು ನೋಡಿದರು.

ಸೊಸೈಟಿಯ ಕಾರ್ಯದರ್ಶಿಯವರು ಲಿಖಿತ ವಿವರಣೆ ಕೇಳಿದರು. ನನಗೆ ಬರುವ ಒಂದೇ ವಿದ್ಯೆ ಅದು. "ಚಾಲಕರ ವಯೋಸಹಜ ಗಲಿಬಿಲಿಯಿಂದ ಈ ಅಚಾತುರ್ಯ ಸಂಭವಿಸಿದ್ದು, ಇನ್ನು ಮುಂದೆ ಅವರು ವಾಹನ ಚಲಾಯಿಸದಂತೆ ನೋಡಿಕೊಳ್ಳಲಾಗುವುದು" ಎಂಬ ಅರ್ಥದಲ್ಲಿ ಮರಾಠಿಯಲ್ಲಿ ಬರೆದು ಸಹಿ ಹಾಕಿದೆ. ಪತ್ರ ಕಡತದಲ್ಲಿ ಉಳಿಯುತ್ತದೆ ಎಂದುಕೊಂಡಿದ್ದೆ. ಕಾರ್ಯದರ್ಶಿಯವರು ಅದನ್ನು ಲಿಫ್ಟಿನ ಪಕ್ಕದ ಫಲಕಕ್ಕೆ ಅಂಟಿಸಿದರು. ಆ ಸಂಜೆ ಮಾವನವರು ಕಾರಿನ ಕೀಲಿಯನ್ನು ಫ್ರಿಜ್ಜಿನ ಮೇಲಿಟ್ಟು, "ನಿಮ್ಮ ಕಡೀನೇ ಇರ್ಲಿ" ಎಂದರು. ನಾನು ತೆಗೆದುಕೊಂಡೆ.

ಅದಾದ ಮೇಲೆ ಅವರು ತಮ್ಮ ಸ್ಕೂಟರನ್ನೂ ಹೊರತೆಗೆಯಲಿಲ್ಲ. ಚಹಾ ಮಾಡಿದಾಗಲೆಲ್ಲ ಮಗಳನ್ನು ಕೂಗುತ್ತಿದ್ದರು.

"ಗ್ಯಾಸ್ ಬಂದ್ ಮಾಡೀನೇನ ನೋಡವಾ."

"ಮಾಡೀರಿ ಅಪ್ಪಾ."

"ಮತ್ತೊಮ್ಮೆ ನೋಡು."

ಎರಡು ತಿಂಗಳು ನಾನು ಇದನ್ನು ಪಕ್ಕದ ಕೋಣೆಯಲ್ಲಿ ಕುಳಿತು ಕೇಳಿದೆ. ಒಂದು ದಿನ ಅವರು ಯಾರಿಗೂ ಹೇಳದೆ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿ ನೆನಪಿನ ಪರೀಕ್ಷೆ ಮಾಡಿಸಿಕೊಂಡು ಬಂದರು. ಅಡುಗೆಮನೆಯಲ್ಲಿ ಮಗಳ ಮುಂದೆ ಹೇಳುತ್ತಿದ್ದರು: "ನೂರರಾಗ ಏಳೇಳು ಕಳೀರಿ ಅಂದ್ರು, ಕಳದೆ. ವಾರ, ತಿಂಗಳು, ಎಲ್ಲಾ ಬರೋಬ್ಬರಿ ಹೇಳೀನಿ. ಮತ್ತ ಗಾಡಿ ಯಾಕ ಮುಂದ ಹೋತವಾ?"

ಆಗ ನಾನು ಒಳಗೆ ಹೋದೆ.

"ಮಾವ, ನೀವು ಹಾಕಿದ್ದು ಸರಿಯಾಗೇ ಇತ್ತು. ಹೊಸ ಗೇರ್‌ಬಾಕ್ಸಲ್ಲಿ ಅಲ್ಲಿ ಫಸ್ಟ್ ಬರುತ್ತೆ. ನೀವಿಲ್ಲದಾಗ ನಾನೇ ಹಾಕಿಸಿದ್ದು."

"ನಿಮಗ ಯಾವಾಗ ತಿಳೀತು?"

"ಅವತ್ತೇ."

"ಅಲ್ಲಿ ನಿಂತಾಗೇ?"

"ಹೌದು."

ಹೆಂಡತಿ ಒಲೆ ಆರಿಸಿ, ನನ್ನ ಮುಖ ನೋಡದೆ ಹೊರಗೆ ಹೋದಳು. ಮಾವನವರು ಒಲೆಯ ಗುಂಡಿಯನ್ನು ಮುಟ್ಟಿ ನೋಡಿದರು. ಆಮೇಲೆ, "ಹೊಸಾ ಡಬ್ಬಿ ಹಾಕ್ಸಿದ್ದು ತಪ್ಪಲ್ಲ ಬಿಡ್ರಿ. ನಾನೂ ಹಾಕಸಬೇಕಂತಿದ್ದೆ. ಆದ್ರ ನಂದ ಕೈ ನಾನ ನಂಬಲಾರದಂಗ ಮಾಡಿದ್ರಲ್ಲ" ಎಂದರು. ದನಿ ಏರಿಸಲಿಲ್ಲ. ಆಗಲೂ 'ನೀವು' ಎಂದೇ ಕರೆದರು.

ಮರುದಿನವೇ ನಡೆದದ್ದನ್ನು ನನ್ನ ಹೆಸರಿನಲ್ಲಿ ಬರೆದು ಅದೇ ಫಲಕಕ್ಕೆ ಹಾಕಿಸಿದೆ. ಜನ ಓದಿದರು. ಎರಡನೇ ಮಹಡಿಯವರು ಮಾವನವರ ಕ್ಷಮೆ ಕೇಳಿ ಹೋದರು.

ಅನಂತರ ಒಂದು ಬೆಳಿಗ್ಗೆ ಅವರನ್ನು ಒತ್ತಾಯಿಸಿ ಕೆಳಗೆ ಕರೆದೊಯ್ದೆ. ಎಂಜಿನ್ ಚಾಲೂ ಮಾಡದೆ ಸ್ಟಿಯರಿಂಗಿನ ಹಿಂದೆ ಕುಳಿತು, "ತೋರಸ್ರಿ" ಎಂದರು. ನಾನು ಐದೂ ಗೇರುಗಳನ್ನು, ರಿವರ್ಸನ್ನು ತೋರಿಸಿದೆ. ಒಂದೂ ತಪ್ಪದೆ ಹಾಕಿದರು, ನನಗಿಂತ ನಯವಾಗಿ. "ಛಲೋ ಕೆಲಸ ಮಾಡ್ಯಾನ ಮಿಸ್ತ್ರಿ" ಎಂದು ಮೆಚ್ಚಿದರು. ನಾನು ಕೀಲಿ ಮುಂದೆ ಹಿಡಿದೆ. ಅವರು ಬಾಗಿಲು ತೆರೆದು ಇಳಿದರು.

"ಬ್ಯಾಡ್ರಿ. ಗಾಡಿ ಚಾಲೂ ಆದ್ರ, ಗೇರ್ ಹಾಕೋವಾಗ ಕೈ ತಡೀತದ."

ಅವರಿಗೆ ವಯಸ್ಸಾಯಿತು, ಇನ್ನು ಓಡಿಸಬಾರದು ಎಂದು ಸೊಸೈಟಿಯಲ್ಲಿ ಈಗ ಯಾರೂ ಹೇಳುವುದಿಲ್ಲ. ಅವರೊಬ್ಬರೇ ಹೇಳುತ್ತಾರೆ.